ಮೂರು ಬ್ಯಾಟರಿ, ಮೂರು ಥರದ ಆಯಸ್ಸು: ತಪ್ಪು ಬ್ಯಾಟರಿಯದೋ, ವೈರಿನದೋ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಮನೆಯಲ್ಲಿ 12 ವೋಲ್ಟಿನ ಇನ್ವರ್ಟರ್ ಇದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಕೆಲವು ಸಲ ಎರಡು ದಿನ ಬರುವುದಿಲ್ಲ. ಹಾಗಾಗಿ 150 ಎಎಚ್‌ನ (ಆಂಪಿಯರ್ ಅವರ್) ಮೂರು ಟ್ಯೂಬುಲರ್ ಬ್ಯಾಟರಿಗಳನ್ನು ಪ್ಯಾರಲಲ್, ಅಂದರೆ ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರಿಸಿ ಹಾಕಿಸಿದ್ದೆ. 4 ವರ್ಷಕ್ಕೆ ಮೊದಲನೆಯದು ಕೆಟ್ಟಿತು. ಹೋದ ಯುಗಾದಿ ಹೊತ್ತಿಗೆ ಅದೇ ಜಾಗಕ್ಕೆ ಹೊಸದು ಬಂತು. ಈಗ ಆ ಹೊಸದೇ ಬಿಸಿಯಾಗುತ್ತಿದೆ, ತಿಂಗಳಿಗೊಮ್ಮೆ ನೀರು ಕೇಳುತ್ತಿದೆ. ಕೊನೆಯದಕ್ಕೆ ಆರು ತಿಂಗಳಿಂದ ನೀರೇ ಹಾಕಿಲ್ಲ, ಅದು ಗಟ್ಟಿಮುಟ್ಟಾಗಿದೆ. ಮೂರನ್ನೂ ಬದಲಾಯಿಸಿ ಎಂದು ಅಂಗಡಿಯವರು ಹೇಳುತ್ತಾರೆ. ನಡುವೆ ಡಯೋಡ್ ಹಾಕಿದರೆ ಸಾಕು ಎನ್ನುವುದು ಎಲೆಕ್ಟ್ರಿಷಿಯನ್ ಮಾತು. ತಮ್ಮನ ಮಗ ಒಂದು ಲಿಥಿಯಂ ಬ್ಯಾಟರಿ ಸೇರಿಸೋಣ ಎನ್ನುತ್ತಾನೆ. ಹಳೆಯ ಬ್ಯಾಟರಿಗಳು ಹೊಸದನ್ನು ತಿನ್ನುತ್ತಿವೆಯೇ? ಬ್ಯಾಟರಿ ಇಟ್ಟಿರುವುದು ಬಚ್ಚಲಿನ ಗೋಡೆ ಪಕ್ಕದ ಕಟ್ಟೆಯ ಮೇಲೆ. ಫೋಟೋ ಕಳಿಸಿದ್ದೇನೆ.

ಉತ್ತರ: ಹೊಸ ಬ್ಯಾಟರಿ ಇಷ್ಟು ಬೇಗ ಯಾಕೆ ಸೋಲುತ್ತಿದೆ, ಹಳೆಯವನ್ನು ಇಟ್ಟುಕೊಳ್ಳಬಹುದೇ, ಮೂವರು ಹೇಳಿದ ಮೂರು ದಾರಿಯಲ್ಲಿ ಯಾವುದನ್ನು ಹಿಡಿಯಬೇಕು. ನಿಮ್ಮ ಚಿಂತೆ ಇದು. ಆದರೆ ಓದಿದಾಗ ನನಗೆ ಹೆಚ್ಚು ಚಿಂತೆಯಾಗಿದ್ದು ನೀವು ಗಟ್ಟಿಮುಟ್ಟು ಅಂದಿರುವ ಆ ಕೊನೆಯ ಬ್ಯಾಟರಿ ಬಗ್ಗೆ.

ಬ್ಯಾಟರಿಯ ನೀರು ಮುಖ್ಯವಾಗಿ ಖರ್ಚಾಗುವುದು ಚಾರ್ಜು ತುಂಬುತ್ತಾ ಬಂದಾಗ. ಆಗ ಒಳಗೆ ಗುಳ್ಳೆ ಏಳುತ್ತದೆ, ನೀರು ಒಡೆದು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಹೊರಗೆ ಹೋಗುತ್ತದೆ. ದಿನಾ ಕೆಲಸ ಮಾಡುವ ಟ್ಯೂಬುಲರ್ ಬ್ಯಾಟರಿಯಲ್ಲಿ ಆರು ತಿಂಗಳಾದರೂ ನೀರು ಇಳಿದಿಲ್ಲ ಅಂದರೆ ಅದು ಪೂರ್ತಿ ಚಾರ್ಜ್ ಆಗುವ ಹಂತಕ್ಕೆ ತಲುಪುತ್ತಲೇ ಇಲ್ಲ ಎಂಬ ಅನುಮಾನ ಬರಬೇಕು. ಅದು ಆರೋಗ್ಯದ ಲಕ್ಷಣವಲ್ಲ, ಹಸಿವಿನ ಲಕ್ಷಣ. ಮೊದಲನೆಯದಕ್ಕೆ ಅತಿಯಾದ ದುಡಿಮೆ, ಕೊನೆಯದಕ್ಕೆ ಅರೆಹೊಟ್ಟೆ. ಎರಡಕ್ಕೂ ಕಾರಣ ಒಂದೇ, ಅದು ನಿಮ್ಮ ಫೋಟೋದಲ್ಲೇ ಕಾಣುತ್ತಿದೆ.

ಇನ್ವರ್ಟರಿನಿಂದ ಬಂದ ಕೆಂಪು ವೈರು, ಕಪ್ಪು ವೈರು ಎರಡನ್ನೂ ಮೊದಲ ಬ್ಯಾಟರಿಗೇ ಕಟ್ಟಿದ್ದಾರೆ. ಅಲ್ಲಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ತುಂಡು ವೈರು ಹೋಗಿದೆ. ನಾನು ನೋಡಿದ ಮನೆಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ಕೆಲಸ ಬೇಗ ಮುಗಿಯುತ್ತದೆ, ನೋಡಲೂ ಅಚ್ಚುಕಟ್ಟು. ಪ್ಯಾರಲಲ್ ಅಂದಮೇಲೆ ಎಲ್ಲಾ ಬ್ಯಾಟರಿಗೂ ಸಮಪಾಲು ಅಂತ ಎಲ್ಲರೂ ನಂಬಿರುತ್ತಾರೆ. ಆ ನಂಬಿಕೆ ತಪ್ಪು. ಪ್ಯಾರಲಲ್‌ನಲ್ಲಿ ಹೆಚ್ಚುಕಡಿಮೆ ಸಮವಾಗಿರುವುದು ವೋಲ್ಟೇಜ್. ಕರೆಂಟ್ ಸಮ ಇರಲೇಬೇಕು ಅಂತ ಯಾವ ನಿಯಮವೂ ಇಲ್ಲ. (ಇಲ್ಲಿ ಕರೆಂಟ್ ಅಂದರೆ ವೈರಿನಲ್ಲಿ ಹರಿಯುವ ಆಂಪಿಯರ್. ಮನೆಗೆ ಬರುವ, ಹೋಗುವ ಕರೆಂಟಲ್ಲ.)

ನಿಮ್ಮ ತೋಟದ ಸ್ಪ್ರಿಂಕ್ಲರ್ ಲೈನನ್ನೇ ನೆನಪು ಮಾಡಿಕೊಳ್ಳಿ. ಪಂಪಿಗೆ ಹತ್ತಿರ ಇರುವ ಜೆಟ್ ಜೋರಾಗಿ ತಿರುಗುತ್ತದೆ, ಲೈನಿನ ಕೊನೆಯದು ಸುಮ್ನೆ ತೊಟ್ಟಿಕ್ಕುತ್ತದೆ. ಎಲ್ಲಾ ಜೆಟ್ಟೂ ಒಂದೇ ಕಂಪನಿಯದು, ಒಂದೇ ದಿನ ತಂದಿದ್ದು. ವ್ಯತ್ಯಾಸ ಮಾಡಿದ್ದು ನಡುವಿನ ಪೈಪು. ಬ್ಯಾಟರಿಯಲ್ಲೂ ಇದೇ ಕಥೆ. ಆದರೆ ಇಲ್ಲಿ ಸಣ್ಣ ತುಂಡು ವೈರೇ ಉದ್ದದ ಪೈಪಿನಷ್ಟು ವ್ಯತ್ಯಾಸ ಮಾಡುತ್ತದೆ. ಯಾಕೆಂದರೆ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ತುಂಬಾ ಕಡಿಮೆ. ಈ ಗಾತ್ರದ ಬ್ಯಾಟರಿಯಲ್ಲಿ ಅದು ಕೆಲವೇ ಮಿಲಿ ಓಮ್ (ತಡೆಯ ಅಳತೆ ಓಮ್, ಅದರ ಸಾವಿರದಲ್ಲೊಂದು ಭಾಗ ಮಿಲಿ ಓಮ್). 16 ಸ್ಕ್ವೇರ್ ಎಂಎಂ ತಾಮ್ರದ ವೈರು ಒಂದು ಮೀಟರಿಗೆ ಸುಮಾರು 1.1 ಮಿಲಿ ಓಮ್. ಒಂದೂಕಾಲು ಅಡಿಯ ತುಂಡು, ಎರಡು ತುದಿಯ ಲಗ್ಗು (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಕೊಂಡಿ), ಬೋಲ್ಟು ಎಲ್ಲಾ ಸೇರಿದರೆ ಸುಲಭವಾಗಿ 1 ಮಿಲಿ ಓಮ್ ಆಗುತ್ತದೆ.

ಒಂದು ಲೆಕ್ಕ ಹಾಕೋಣ. ಮೂರೂ ಹೊಸ ಬ್ಯಾಟರಿ, ಒಂದೊಂದರ ಒಳಗೆ 6 ಮಿಲಿ ಓಮ್, ಪ್ರತಿ ತುಂಡು ವೈರು 1 ಮಿಲಿ ಓಮ್ ಅಂದುಕೊಳ್ಳಿ. ಮನೆಯಲ್ಲಿ ಸುಮಾರು 600 ವಾಟಿನ ಲೋಡ್ ಇದ್ದರೆ ಇನ್ವರ್ಟರ್ ಬ್ಯಾಟರಿಗಳಿಂದ 60 ಆಂಪಿಯರ್ ಹತ್ತಿರ ಎಳೆಯುತ್ತದೆ. ಸಮಪಾಲಾದರೆ ತಲಾ 20. ನೀವು ಕಟ್ಟಿರುವ ರೀತಿಯಲ್ಲಿ ಮೊದಲನೆಯದು 28.5, ಎರಡನೆಯದು 18, ಮೂರನೆಯದು 13.5 ಕೊಡುತ್ತದೆ. ಮೂರೂ ಹೊಸದಾಗಿದ್ದರೂ ಮೊದಲನೆಯದಕ್ಕೆ ಮೂರನೆಯದರ ಎರಡರಷ್ಟು ಕೆಲಸ. ನಿಮ್ಮ ಹಳೆಯ ಮೊದಲ ಬ್ಯಾಟರಿ ಬೇರೆಯವುಗಳಿಗಿಂತ ಮುಂಚೆ ಸತ್ತಿದ್ದು ಆಕಸ್ಮಿಕ ಅಂತ ನನಗೆ ಅನಿಸುವುದಿಲ್ಲ.

ಈಗ ಅದೇ ಜಾಗಕ್ಕೆ ಹೊಸದು ಬಂದಿದೆ. ವಯಸ್ಸಾದಂತೆ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಏರುತ್ತದೆ. ಹೊಸದಕ್ಕೆ 5, ಹಳೆಯವಕ್ಕೆ 10 ಮಿಲಿ ಓಮ್ ಹಿಡಿದು ಮತ್ತೆ ಲೆಕ್ಕ ಹಾಕಿದರೆ 60 ಆಂಪಿಯರಿನಲ್ಲಿ ಹೊಸದರ ಪಾಲು 36. ಹಳೆಯವು 13 ಮತ್ತು 11. ಅರ್ಧಕ್ಕಿಂತ ಜಾಸ್ತಿ ಭಾರ ಒಂದರ ಮೇಲೇ. ಚಾರ್ಜ್ ಆಗುವಾಗಲೂ ಕರೆಂಟ್ ಬರುವುದು ಇದೇ ದಾರಿಯಲ್ಲಿ. ಮೊದಲನೆಯದಕ್ಕೆ ಬೇಗ ಹೊಟ್ಟೆ ತುಂಬುತ್ತದೆ, ಮೇಲೆ ಬಂದದ್ದೆಲ್ಲ ನೀರು ಕುದಿಸುವುದಕ್ಕೆ ಹೋಗುತ್ತದೆ. ಕೊನೆಯದು ಕಾಯುತ್ತಾ ಕೂರುತ್ತದೆ. ಅರ್ಧ ಚಾರ್ಜಿನಲ್ಲೇ ತಿಂಗಳುಗಟ್ಟಲೆ ಉಳಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ರೆಸಿಸ್ಟೆನ್ಸ್ ಇನ್ನೂ ಏರುತ್ತದೆ, ಪಾಲು ಇನ್ನೂ ಕಡಿಮೆಯಾಗುತ್ತದೆ. ಒಮ್ಮೆ ಶುರುವಾದ ವ್ಯತ್ಯಾಸ ದೊಡ್ಡದಾಗುತ್ತಲೇ ಹೋಗುತ್ತದೆ.

ಹಾಗಾದರೆ ಹಳೆಯವು ಹೊಸದನ್ನು ತಿನ್ನುತ್ತಿವೆಯೇ? ಜನ ಹೇಳುವ ಅರ್ಥದಲ್ಲಿ ಅಲ್ಲ. ಲೋಡ್ ನಿಂತ ಮೇಲೆ ಜಾಸ್ತಿ ಚಾರ್ಜ್ ಉಳಿದ ಬ್ಯಾಟರಿ ಕಡಿಮೆ ಇರುವುದಕ್ಕೆ ಸ್ವಲ್ಪ ಕೊಡುತ್ತದೆ, ಅದು ನಿಜ. ಆ ಕರೆಂಟ್ ಸಾಮಾನ್ಯವಾಗಿ ಸಣ್ಣದು, ಬೇಗ ಇಳಿಯುತ್ತದೆ. ಹೊಸದನ್ನು ಸವೆಸುತ್ತಿರುವುದು ಹಳೆಯವು ಕಿತ್ತುಕೊಳ್ಳುವುದಲ್ಲ, ತಮ್ಮ ಪಾಲಿನ ಕೆಲಸ ಮಾಡದೇ ಇರುವುದು. ಆದರೆ ಒಂದು ಸಂದರ್ಭದಲ್ಲಿ ಹಳೆಯದು ನಿಜಕ್ಕೂ ಅಪಾಯ. 12 ವೋಲ್ಟಿನ ಬ್ಯಾಟರಿಯಲ್ಲಿ 2 ವೋಲ್ಟಿನ ಆರು ಸೆಲ್ಲು. ಅದರಲ್ಲಿ ಒಂದು ಸೆಲ್ಲು ಒಳಗೇ ಶಾರ್ಟ್ ಆದರೆ ಅದು 10 ವೋಲ್ಟಿನ ಬ್ಯಾಟರಿ ಆಗಿಬಿಡುತ್ತದೆ. ಉಳಿದ ಎರಡೂ ಬಿಡದೆ ಅದರೊಳಕ್ಕೆ ಸುರಿಯುತ್ತವೆ. ಸೆಲ್ಲು ದಿಢೀರನೆ ಶಾರ್ಟ್ ಆದರೆ ಮೊದಲ ಕ್ಷಣಕ್ಕೆ ನೂರು ಆಂಪಿಯರ್ ದಾಟಬಹುದು. ಆ ಬ್ಯಾಟರಿ ಬಿಸಿಯೇರುತ್ತದೆ, ಗ್ಯಾಸ್ ಬಿಡುತ್ತದೆ. ಗಾಳಿಯಲ್ಲಿ ಹೈಡ್ರೋಜನ್ 4 ಪರ್ಸೆಂಟ್ ದಾಟಿದರೆ ಒಂದು ಕಿಡಿ ಸಾಕು. ನಿಮ್ಮಲ್ಲಿ ಹೀಗೆ ಆಗಿದೆ ಅಂತ ನಾನು ಹೇಳುತ್ತಿಲ್ಲ. ಇಲ್ಲ ಅಂತ ಖಾತ್ರಿ ಮಾಡಿಕೊಳ್ಳದೆ ಬೇರೆ ಏನೂ ಮಾಡಬಾರದು.

ಖಾತ್ರಿ ಮಾಡಿಕೊಳ್ಳುವುದು ಹೇಗೆ? ಎಲ್ಲವನ್ನೂ ಕಟ್ಟಿಟ್ಟ ಹಾಗೆಯೇ ಮೀಟರ್ ಹಿಡಿದರೆ ಪ್ರಯೋಜನವಿಲ್ಲ. ಒಂದಕ್ಕೊಂದು ಸೇರಿರುವುದರಿಂದ ಮೂರೂ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ತೋರಿಸುತ್ತವೆ, "ಎಲ್ಲಾ ಸರಿ ಇದೆ" ಅಂತ ಹೇಳಿ ಬಂದವರು ಹೊರಟುಬಿಡುತ್ತಾರೆ. ಮೂರನ್ನೂ ಬಿಚ್ಚಿ. ಒಂದೊಂದನ್ನೇ ಇನ್ವರ್ಟರಿಗೆ ಹಾಕಿ ಪೂರ್ತಿ ಚಾರ್ಜ್ ಮಾಡಿ. ಬಿಚ್ಚಿ ಒಂದು ರಾತ್ರಿ ಸುಮ್ನೆ ಬಿಡಿ. ಬೆಳಿಗ್ಗೆ ಹೈಡ್ರೋಮೀಟರಿನಿಂದ ಆರೂ ಸೆಲ್ಲಿನ ಗ್ರಾವಿಟಿ, ಅಂದರೆ ಒಳಗಿನ ಆಸಿಡ್ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವುದನ್ನು, ನೋಡಿ ಬರೆದಿಟ್ಟುಕೊಳ್ಳಿ. ನಿಮ್ಮ ಬ್ಯಾಟರಿಯ ಪೂರ್ಣ ಗ್ರಾವಿಟಿ ಎಷ್ಟು ಅಂತ ಅದರ ಮೈಮೇಲೆ ಅಥವಾ ವಾರಂಟಿ ಕಾರ್ಡಿನಲ್ಲಿ ಇರುತ್ತದೆ, ಟ್ಯೂಬುಲರ್‌ನಲ್ಲಿ ಸಾಮಾನ್ಯವಾಗಿ 1.240ರ ಆಸುಪಾಸು. ಆರು ಸೆಲ್ಲಿನಲ್ಲಿ ಐದು 1.220 ಇದ್ದು ಒಂದು ಮಾತ್ರ 1.150 ಅಂದರೆ ಆ ಬ್ಯಾಟರಿಯ ಕಥೆ ಮುಗಿದಂತೆ. ಆರೂ ಸಮವಾಗಿ ಕಡಿಮೆ ಇದ್ದರೆ ಅದು ಬರೀ ಹಸಿವು, ಬದುಕಿಸಬಹುದು. ಬಿಚ್ಚಿಟ್ಟ ಬ್ಯಾಟರಿಯ ವೋಲ್ಟೇಜ್ ಎರಡು ದಿನದಲ್ಲಿ ಉಳಿದವುಗಳಿಗಿಂತ ಬೇಗ ಜಾರುತ್ತಾ ಹೋದರೂ ಅದನ್ನು ಗುಂಪಿಗೆ ಸೇರಿಸಬೇಡಿ.

ಯಾವ ಬ್ಯಾಟರಿ ಎಷ್ಟು ದುಡಿಯುತ್ತಿದೆ ಅಂತ ನೋಡಲು ಡಿಸಿ ಕ್ಲ್ಯಾಂಪ್ ಮೀಟರ್ (ವೈರು ಬಿಚ್ಚದೆ, ಅದರ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಬೇಕು. ನಿಮ್ಮ ಎಲೆಕ್ಟ್ರಿಷಿಯನ್ ಹತ್ತಿರ ಇರುವುದು ಬರೀ ಎಸಿ ಕ್ಲ್ಯಾಂಪ್ ಆಗಿರಬಹುದು, ಅದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಕೇಳಿ ನೋಡಿ. ಅದಿಲ್ಲದಿದ್ದರೆ ಸಾಮಾನ್ಯ ಮಲ್ಟಿಮೀಟರ್‌ನಲ್ಲೇ ಒಂದು ಉಪಾಯವಿದೆ. ಮನೆಯಲ್ಲಿ ಲೋಡ್ ಹಾಕಿ. ಮೀಟರನ್ನು ಮಿಲಿವೋಲ್ಟಿಗೆ ತಿರುಗಿಸಿ. ಒಂದು ತುಂಡು ವೈರಿನ ಈ ತುದಿಯ ಬ್ಯಾಟರಿ ಕಂಬಕ್ಕೆ (ಟರ್ಮಿನಲ್ಲಿಗೆ) ಒಂದು ಪಿನ್ನು, ಆ ತುದಿಯ ಬ್ಯಾಟರಿ ಕಂಬಕ್ಕೆ ಇನ್ನೊಂದು ಪಿನ್ನು. ಲಗ್ಗಿಗಲ್ಲ, ಸೀಸದ ಕಂಬಕ್ಕೇ ಚುಚ್ಚಬೇಕು. ಆ ಜೋಡಣೆಯಲ್ಲಿ ಎಷ್ಟು ಕಳೆದುಹೋಗುತ್ತಿದೆ ಅನ್ನುವುದು ಗೊತ್ತಾಗುತ್ತದೆ. 1 ಮಿಲಿ ಓಮ್ ದಾರಿಯಲ್ಲಿ 20 ಆಂಪಿಯರ್ ಹೋದರೆ 20 ಮಿಲಿವೋಲ್ಟ್.

ಸಕಲೇಶಪುರದ ಕಡೆಯ ಒಂದು ಹೋಂಸ್ಟೇಯಲ್ಲಿ ಈ ಉಪಾಯವೇ ನನ್ನ ಕೈಹಿಡಿಯಿತು. ಅಲ್ಲಿ ನಾಲ್ಕು ಬ್ಯಾಟರಿ. ಮೂರನೆಯ ಜಾಗದಲ್ಲಿ ಏನು ಇಟ್ಟರೂ ಕೆಡುತ್ತದೆ, ಎರಡು ಸಲ ವಾರಂಟಿಯಲ್ಲಿ ಬದಲಾಯಿಸಿ ಆಗಿದೆ. ಆ ಜಾಗವೇ ಸರಿ ಇಲ್ಲ ಅಂತ ಮನೆಯವರಿಗೆ ಅನಿಸಿಬಿಟ್ಟಿತ್ತು. ಬೇರೆ ವೈರುಗಳು 15, 20 ಮಿಲಿವೋಲ್ಟ್ ತೋರಿಸಿದರೆ ಮೂರನೆಯದಕ್ಕೆ ಹೋಗುವ ವೈರು 160 ತೋರಿಸಿತು. ಹೊರಗಿನಿಂದ ನೋಡಿದರೆ ಲಗ್ಗು ಹೊಳೆಯುತ್ತಿತ್ತು, ಬೋಲ್ಟು ಬಿಗಿ ಇತ್ತು. ವೈರು ಹಿಡಿದು ಸ್ವಲ್ಪ ತಿರುಚಿ ಎಳೆದೆ, ಕೈಗೇ ಬಂತು. ದಪ್ಪ ವೈರು ಸಣ್ಣ ಲಗ್ಗಿನೊಳಗೆ ಹೋಗಲಿಲ್ಲ ಅಂತ ಹಾಕಿದವರು ಅರ್ಧ ಎಳೆಗಳನ್ನು ಕತ್ತರಿಸಿ, ಉಳಿದರ್ಧವನ್ನು ತುರುಕಿ, ಕಟಿಂಗ್ ಪ್ಲೇಯರಿನಿಂದ ಒತ್ತಿದ್ದರು. ಒಳಗಿನ ಎಳೆಗಳು ಹಸಿರುಗಟ್ಟಿ ಪುಡಿಯಾಗಿದ್ದವು. ಎರಡು ಬ್ಯಾಟರಿ ಹೋದದ್ದು ಆ ಒಂದು ಲಗ್ಗಿಗೆ. ಅಂದಿನಿಂದ ಬ್ಯಾಟರಿಯನ್ನು ಬೈಯುವ ಮುಂಚೆ ನಾನು ಲಗ್ಗನ್ನು ಎಳೆದು ನೋಡುತ್ತೇನೆ.

ಈಗ ನಿಮಗೆ ಬಂದ ಸಲಹೆಗಳು. ಡಯೋಡ್ ಬೇಡ. ಡಯೋಡ್ ಕರೆಂಟನ್ನು ಒಂದೇ ಕಡೆಗೆ ಬಿಡುತ್ತದೆ. ಬ್ಯಾಟರಿಗೆ ಅದೇ ವೈರಿನಲ್ಲಿ ಚಾರ್ಜೂ ಬರಬೇಕಲ್ವಾ? ಜೊತೆಗೆ ಸಾಮಾನ್ಯ ಡಯೋಡ್ 0.7 ವೋಲ್ಟ್ ನುಂಗುತ್ತದೆ. 30 ಆಂಪಿಯರ್ ಹರಿದರೆ 21 ವಾಟ್ ಬರೀ ಬಿಸಿಯಾಗಿ ಹೋಗುತ್ತದೆ. 12 ವೋಲ್ಟಿನ ವ್ಯವಸ್ಥೆಯಲ್ಲಿ ಅಷ್ಟನ್ನು ಕಳೆದುಕೊಳ್ಳುವುದು ನಿಮಗೆ ದುಬಾರಿ.

ಲಿಥಿಯಂ ಬ್ಯಾಟರಿ ಒಳ್ಳೆಯದೇ, ಆದರೆ ಇವುಗಳ ಜೊತೆ ಕಟ್ಟುವುದಕ್ಕಲ್ಲ. ನಾಲ್ಕು ಸೆಲ್ಲಿನ ಲಿಥಿಯಂ ಫಾಸ್ಫೇಟ್ ಬ್ಯಾಟರಿ ತನ್ನ ಹೆಚ್ಚಿನ ಚಾರ್ಜನ್ನು 13 ವೋಲ್ಟಿನ ಮೇಲೆಯೇ ಕೊಟ್ಟು ಮುಗಿಸುತ್ತದೆ. ನಿಮ್ಮ ಟ್ಯೂಬುಲರ್ ಪೂರ್ತಿ ತುಂಬಿ ವಿಶ್ರಾಂತಿಯಲ್ಲಿದ್ದಾಗಲೇ ಸುಮಾರು 12.5. ಅಂದರೆ ಲಿಥಿಯಂ ಖಾಲಿಯಾಗುವ ತನಕ ಹಳೆಯವು ಹೆಚ್ಚುಕಡಿಮೆ ನೋಡುತ್ತಾ ಕೂರುತ್ತವೆ. ಈಗಿನ ಸಮಸ್ಯೆಯೇ ಇನ್ನೂ ಜೋರಾಗುತ್ತದೆ. ಟ್ಯೂಬುಲರ್‌ಗೆ ಆಗಾಗ ಕೊಡುವ ಹೆಚ್ಚಿನ ವೋಲ್ಟೇಜಿನ ಚಾರ್ಜ್ ಲಿಥಿಯಂಗೆ ಆಗಿಬರುವುದೂ ಇಲ್ಲ. ಹೋಗುವುದಾದರೆ ಪೂರ್ತಿ ಲಿಥಿಯಂಗೆ ಹೋಗಿ, ಅದಕ್ಕೆ ಒಗ್ಗುವ ಇನ್ವರ್ಟರ್ ಜೊತೆಗೆ. ಅಲ್ಲೂ ಎರಡು ಬ್ಯಾಟರಿ ಪ್ಯಾರಲಲ್ ಮಾಡುವ ಮುಂಚೆ ಎರಡನ್ನೂ ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಲೇಬೇಕು. ಒಂದು ತನ್ನ ಪಾಲಿಗಿಂತ ಜಾಸ್ತಿ ಎಳೆದು ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಪಾಡುವ ಸರ್ಕ್ಯೂಟ್) ಕಟ್ ಆದರೆ ಇಡೀ ಭಾರ ಇನ್ನೊಂದರ ಮೇಲೆ ಬಿದ್ದು ಅದೂ ಕಟ್ ಆಗುತ್ತದೆ, ಮನೆ ಪೂರ್ತಿ ಕತ್ತಲು.

ಮೂರನ್ನೂ ಬದಲಾಯಿಸಿ ಎನ್ನುವ ಅಂಗಡಿಯವರ ಮಾತು ಪೂರ್ತಿ ವ್ಯಾಪಾರದ ಮಾತಲ್ಲ. ಒಂದೇ ಬ್ಯಾಚಿನ ಮೂರು ಬ್ಯಾಟರಿ ಇರುವುದು ಎಲ್ಲಕ್ಕಿಂತ ನೆಮ್ಮದಿ. ಆದರೆ ಇದೇ ವೈರಿಂಗ್‌ಗೆ ಮೂರು ಹೊಸದನ್ನು ಕಟ್ಟಿದರೆ 28.5, 18, 13.5 ಅನ್ನುವ ಲೆಕ್ಕದಿಂದಲೇ ಮತ್ತೆ ಶುರು. ದುಡ್ಡು ಹಾಕುವ ಮುಂಚೆ ವೈರು ಸರಿಯಾಗಲಿ.

ವೈರು ಸರಿ ಮಾಡಲು ಎರಡು ದಾರಿ. ಸುಲಭದ್ದು ಅಡ್ಡಮೂಲೆ ಜೋಡಣೆ: ಇನ್ವರ್ಟರಿನ ಕೆಂಪು ವೈರು ಮೊದಲ ಬ್ಯಾಟರಿಗೆ ಇರಲಿ, ಕಪ್ಪು ವೈರನ್ನು ಬಿಚ್ಚಿ ಕೊನೆಯ ಬ್ಯಾಟರಿಗೆ ಹಾಕಿ. ಅಷ್ಟೇ. ಆಗ ಪ್ರತಿ ಬ್ಯಾಟರಿಗೂ ಹೋಗಿಬರುವ ದಾರಿ ಹೆಚ್ಚುಕಡಿಮೆ ಒಂದೇ ಉದ್ದ. ಮೂರು ಹೊಸ ಬ್ಯಾಟರಿಯ ಲೆಕ್ಕ ಒಮ್ಮೆಗೇ 21, 18, 21ಕ್ಕೆ ಬರುತ್ತದೆ. ಎರಡೇ ಒಂದೇ ಥರದ ಬ್ಯಾಟರಿ ಇದ್ದವರಿಗೆ ಇದು ಸರಿಸಮ. ಖರ್ಚು ಒಂದು ಉದ್ದದ ವೈರು ಮಾತ್ರ.

ನಿಮ್ಮ ಹಾಗೆ ಹೊಸದು, ಹಳೆಯದು ಬೆರೆತಾಗ ನನಗೆ ಎರಡನೆಯ ದಾರಿಯೇ ಇಷ್ಟ. ಗೋಡೆಗೆ ಎರಡು ತಾಮ್ರದ ಪಟ್ಟಿ, ಅಂದರೆ ಬಸ್‌ಬಾರ್ ಕೂರಿಸಿ. ಪ್ರತಿ ಬ್ಯಾಟರಿಯಿಂದ ಒಂದೇ ಉದ್ದದ, ಒಂದೇ ದಪ್ಪದ ವೈರು ಪಟ್ಟಿಗೆ ಬರಲಿ. ಹತ್ತಿರದ ಬ್ಯಾಟರಿಗೆ ಚಿಕ್ಕ ವೈರು ಸಾಕಲ್ವಾ ಅಂತ ಎಲೆಕ್ಟ್ರಿಷಿಯನ್ ಕತ್ತರಿಸಲು ಹೊರಡುತ್ತಾರೆ. ಬಿಡಬೇಡಿ, ಉಳಿದ ಉದ್ದ ಬಳುಕಿಕೊಂಡು ಇರಲಿ. ಹೀಗೆ ಕಟ್ಟಿದರೆ ನಿಮ್ಮ ಬ್ಯಾಟರಿಗಳ ಪಾಲು ನನ್ನ ಲೆಕ್ಕದಲ್ಲಿ 36, 13, 11 ಇದ್ದದ್ದು 28, 16, 16 ಆಗುತ್ತದೆ. ಹೊಸದಕ್ಕೆ ಸ್ವಲ್ಪ ಜಾಸ್ತಿ ಪಾಲು ಉಳಿದದ್ದು ಒಳ್ಳೆಯದೇ. ಅದರಲ್ಲಿ ಶಕ್ತಿ ಜಾಸ್ತಿ ಇದೆ, ಹಳೆಯವಕ್ಕೆ ಸಮಪಾಲು ಹೊರಿಸಿದರೆ ಅವು ಬೇಗ ಖಾಲಿಯಾಗುತ್ತವೆ. ಪ್ರತಿ ಬ್ಯಾಟರಿಯ ಪಾಸಿಟಿವ್ ವೈರಿಗೆ ಬ್ಯಾಟರಿಯ ಹತ್ತಿರವೇ ಒಂದೊಂದು ಡಿಸಿ ಫ್ಯೂಸ್ ಹಾಕಿಸಿ, ಮೂರೂ ಒಂದೇ ರೇಟಿಂಗ್, ಒಂದೇ ಮಾದರಿ. ಮೇಲೆ ಹೇಳಿದ ಸೆಲ್ ಶಾರ್ಟ್ ಎಂದಾದರೂ ಆದರೆ ಮನೆ ಉಳಿಸುವುದು ಅದು.

ಹಳೆಯ ಎರಡರಲ್ಲಿ ಒಂದು ಪರೀಕ್ಷೆಯಲ್ಲಿ ಸೋತರೆ ಅದನ್ನು ತೆಗೆದು ಎರಡರಲ್ಲೇ ನಡೆಸಿ. ಬ್ಯಾಕಪ್ ಕಡಿಮೆಯಾಗುತ್ತದೆ ಅಂತ ಅನಿಸಬಹುದು, ಆದರೆ ಆ ಬ್ಯಾಟರಿ ಕೊಡುತ್ತಿದ್ದುದೂ ಅಷ್ಟರಲ್ಲೇ ಇತ್ತು.

ಯಾರೂ ನಿಮಗೆ ಹೇಳದ ಇನ್ನೊಂದು ವಿಷಯವಿದೆ. ಟ್ಯೂಬುಲರ್ ಬ್ಯಾಟರಿಗೆ ಅದರ ಎಎಚ್‌ನ ಹತ್ತನೇ ಒಂದು ಭಾಗದಷ್ಟು ಚಾರ್ಜಿಂಗ್ ಕರೆಂಟ್ ಸಿಗಬೇಕು ಅನ್ನುವುದು ಸಾಮಾನ್ಯ ಲೆಕ್ಕ. 150ಕ್ಕೆ 15 ಆಂಪಿಯರ್. ಮೂರಕ್ಕೆ 45. ಮನೆಯ ಇನ್ವರ್ಟರ್ ಕೊಡುವುದು ಬಹುಪಾಲು 10ರಿಂದ 20. ನಿಮ್ಮದು 15 ಕೊಡುತ್ತದೆ ಅಂದುಕೊಂಡರೂ ಮೂರು ಬ್ಯಾಟರಿ ಅರ್ಧ ಖಾಲಿಯಾದ ಮೇಲೆ ಮತ್ತೆ ತುಂಬಲು 15 ಗಂಟೆಗೂ ಜಾಸ್ತಿ ಬೇಕು. ಆಷಾಢದಲ್ಲಿ ನಿಮ್ಮ ಕಡೆ ಕರೆಂಟು ಅಷ್ಟು ಹೊತ್ತು ಒಂದೇ ಸಮ ಇರುವುದು ಅಪರೂಪ. ಬ್ಯಾಟರಿ ಸೇರಿಸಿದವರು ಚಾರ್ಜರ್ ಸೇರಿಸಲಿಲ್ಲ. ಇನ್ವರ್ಟರಿನ ಮ್ಯಾನ್ಯುಯಲ್‌ನಲ್ಲಿ ಚಾರ್ಜಿಂಗ್ ಕರೆಂಟ್ ನೋಡಿ, ಹಿಂಬದಿಯಲ್ಲಿ ಬ್ಯಾಟರಿ ಮಾದರಿಯ ಸ್ವಿಚ್ ಇದ್ದರೆ ಟ್ಯೂಬುಲರ್‌ಗೆ ಇದೆಯೇ ನೋಡಿ. ಕಡಿಮೆ ಇದ್ದರೆ ಒಂದು ಬೇರೆ ಚಾರ್ಜರ್ ತಂದುಕೊಂಡು, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪ್ರತಿ ಬ್ಯಾಟರಿಯನ್ನೂ ಬಿಚ್ಚಿ ಪೂರ್ತಿ ತುಂಬಿಸಿ. ಮತ್ತೆ ಜೋಡಿಸುವಾಗ ಅವುಗಳ ನಡುವೆ 0.1 ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು.

ಮತ್ತೆ ಆ ಬಚ್ಚಲ ಗೋಡೆ. ಗೋಡೆಯ ಆಚೆ ಹಂಡೆ ಒಲೆ ಇದೆ ತಾನೇ? ಬೆಳಿಗ್ಗೆ ಬೆಂಕಿ ಹಾಕಿ ಒಂದು ಗಂಟೆ ಬಿಟ್ಟು ಈಚೆ ಗೋಡೆಗೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಕಟ್ಟೆಯನ್ನು ಬೇರೆ ಕಡೆ ಮಾಡಿಸಿ. 25 ಡಿಗ್ರಿಯಿಂದ ಮೇಲೆ ಪ್ರತಿ 10 ಡಿಗ್ರಿಗೆ ಸೀಸದ ಬ್ಯಾಟರಿಯ ಆಯಸ್ಸು ಸುಮಾರು ಅರ್ಧ ಆಗುತ್ತದೆ. ಮೂರರಲ್ಲಿ ಒಂದು ಮಾತ್ರ ಬಿಸಿ ಇದ್ದರೆ ಅದೇ ಜಾಸ್ತಿ ಚಾರ್ಜ್ ಎಳೆಯುತ್ತದೆ, ವೈರಿಂಗ್ ಎಷ್ಟೇ ಸರಿ ಮಾಡಿದರೂ ಪಾಲು ಕೆಡುತ್ತದೆ. ಬೆಂಕಿಯ ಹತ್ತಿರ ಹೈಡ್ರೋಜನ್ ಬಿಡುವ ವಸ್ತು ಇರುವುದೂ ಒಳ್ಳೆಯದಲ್ಲ.

ಕೆಲಸಕ್ಕೆ ಇಳಿಯುವ ದಿನ ಉಂಗುರ, ವಾಚು, ಕೈಬಳೆ ತೆಗೆದಿಡಿ. ಮೇನ್ಸ್ ಮತ್ತು ಇನ್ವರ್ಟರ್ ಎರಡನ್ನೂ ಆಫ್ ಮಾಡಿ. ಮೊದಲು ನೆಗೆಟಿವ್ ಬಿಚ್ಚಿ, ಕೊನೆಗೆ ನೆಗೆಟಿವ್ ಹಾಕಿ. ಸ್ಪ್ಯಾನರಿನ ಹಿಡಿಗೆ ಟೇಪ್ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ. ಆಸಿಡ್ ಚೆಲ್ಲಿದರೆ ಸುರಿಯಲು ಒಂದು ಬಕೆಟ್‌ನಲ್ಲಿ ಅಡುಗೆ ಸೋಡಾ ಕಲಸಿದ ನೀರು ಪಕ್ಕದಲ್ಲಿರಲಿ, ಕಂಬದ ಮೇಲಿನ ಬಿಳಿ, ನೀಲಿ ಪುಡಿ ತೊಳೆಯಲೂ ಅದೇ ಸಾಕು. ಆ ನೀರು ಸೆಲ್ಲಿನೊಳಗೆ ಮಾತ್ರ ಹೋಗಬಾರದು. ಗ್ರಾವಿಟಿ ಕಡಿಮೆ ಇದೆ ಅಂತ ಯಾರಾದರೂ ಆಸಿಡ್ ಹಾಕಲು ಬಂದರೆ ಬೇಡ ಅನ್ನಿ. ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ.

ಹೊಸ ವೈರಿಂಗ್ ಆದ ದಿನ ಮೂರೂ ಬ್ಯಾಟರಿಯ ಆಂಪಿಯರ್ ಅಳೆದು ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆಸಿ. ಆರು ತಿಂಗಳು ಬಿಟ್ಟು ಅದೇ ಲೋಡ್ ಹಾಕಿ ಮತ್ತೆ ಅಳೆಯಿರಿ. ಆ ಕೊನೆಯ ಬ್ಯಾಟರಿಗೆ ಒಂದೊಂದಾಗಿ ಮೂರು ಪೂರ್ಣ ಚಾರ್ಜ್ ಕೊಟ್ಟು ನೋಡಿ. ಆಮೇಲೂ ಗ್ರಾವಿಟಿ 1.200 ದಾಟದಿದ್ದರೆ ಅದನ್ನು ಬಿಟ್ಟುಬಿಡಿ. ಗುಜರಿಗೆ ಹಾಕಿ ಒಡೆಸಬೇಡಿ, ಒಳಗಿರುವುದು ಸೀಸ ಮತ್ತು ಆಸಿಡ್, ತೋಟದ ಮಣ್ಣಿಗೆ ಸೇರಿದರೆ ತೆಗೆಯಲಾಗುವುದಿಲ್ಲ. ಹೊಸದು ಕೊಳ್ಳುವಾಗ ಬ್ಯಾಟರಿ ಅಂಗಡಿಗೇ ಹಿಂದಿರುಗಿಸಿ, ಹಳೆಯದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಸಿಕೊಳ್ಳಿ.